ಇಬ್ರಿಯರಿಗೆ ಪತ್ರಿಕೆ ಬರೆದವರು

ಇದು ಕಳೆದ ಡಿಸೆಂಬರ್‌ನ ಒಂದು ಭಾನುವಾರ ನಡೆದದ್ದು. ಕ್ವಿಜ್‌ಗಳಿಗೆ ಬಜರ್ ಮತ್ತು ಅಂಕ ತೋರಿಸುವ ಪರದೆ ಒದಗಿಸುವುದು ನನ್ನ ಕೆಲಸ. ರಿಚರ್ಡ್ಸ್ ಟೌನಿನ ಒಂದು ಚರ್ಚಿನಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಕ್ವಿಜ್ ಇತ್ತು. ಅಲ್ಲಿನ ಪಾಸ್ಟರೇ ತೀರ್ಪುಗಾರರು. ಕೊನೆಯ ಪ್ರಶ್ನೆಗೆ ಎರಡು ಅಂಕ; ಅವರ ಚರ್ಚಿನ ತಂಡ ಹಲಸೂರು ತಂಡಕ್ಕಿಂತ ಒಂದು ಅಂಕ ಮುಂದಿತ್ತು.

ಪ್ರಶ್ನೆ ಇದು: ಸತ್ಯವೇದದಲ್ಲಿ ಇಬ್ರಿಯರಿಗೆ ಪತ್ರಿಕೆ, ಅಂದರೆ ಪತ್ರ, ಬರೆದವರು ಯಾರು?

ಹಲಸೂರು ತಂಡದ ಒಬ್ಬ ಆಂಟಿ ಬಜರ್ ಒತ್ತಿ, "ಯಾರಿಗೂ ಗೊತ್ತಿಲ್ಲ" ಎಂದರು. ಎಲ್ಲರೂ ನಕ್ಕರು. ಕ್ವಿಜ್ ಸಮಿತಿಯವರು ನನಗೆ ಕೊಟ್ಟಿದ್ದ ಉತ್ತರ ಅಪೊಸ್ತಲ ಪೌಲ. ನಾನು 'ತಪ್ಪು' ಒತ್ತಿದೆ.

ಪಾಸ್ಟರ್ ಎದ್ದು ನನ್ನ ಮೇಜಿನ ಹತ್ತಿರ ಬಂದರು. "ಅವ್ರು ಹೇಳಿದ್ದೇ ಸರಿ ಕಣಪ್ಪ. ಆ ಪತ್ರ ಮೊದಲನೇ ಶತಮಾನದ್ದು ಅನ್ಬಹುದು, ಅಷ್ಟೇ. ಬರೆದೋರು ಹೆಸರೇ ಹಾಕಿಲ್ಲ. ಪೌಲ ಅನ್ನೋದು ಆಮೇಲಿನವರ ಊಹೆ."

"ಪಾಸ್ಟರ್, ಶೀಲ್ಡ್ ಹೋಗುತ್ತೆ," ಅವರ ತಂಡದವರೊಬ್ಬರು ಗೊಣಗಿದರು.

"ಹೋಗ್ಲಿ ಬಿಡ್ರೀ. ಗೊತ್ತಿಲ್ದೇ ಇರೋದನ್ನ ಗೊತ್ತು ಅಂದ್ಕೊಂಡು ಗೆಲ್ಲೋದು ಬೇಡ."

ಈ ಮಾತನ್ನು ಕಾಲೇಜಿನ ಲ್ಯಾಬಿನಲ್ಲಿ ಕೇಳಿದ್ದೆ. ಚರ್ಚಿನಲ್ಲಿ ಕೇಳುತ್ತೇನೆ ಎಂದುಕೊಂಡಿರಲಿಲ್ಲ. 'ಗೊತ್ತಿಲ್ಲ' ಎಂಬ ಉತ್ತರಕ್ಕೆ 'ತಪ್ಪು' ಒತ್ತಿಯಾಗಿತ್ತು; ಆಮೇಲೆ ನಮ್ಮ ಯಂತ್ರ ತಾನಾಗಿ ಅಂಕ ಕೊಡುವುದಿಲ್ಲ, ಹಾಗಾಗಿ ಆ ಎರಡು ಅಂಕ ನಾನೇ ಸೇರಿಸಿದೆ. ಹಲಸೂರು ಹದಿನೆಂಟು, ಪಾಸ್ಟರ್ ತಂಡ ಹದಿನೇಳು.