ನಬೀಸಾಬರಿಗೆ ಹೋಶ್ ಇತ್ತು

ನಬೀಸಾಬರು ಲಾರಿ ಡ್ರೈವರ್. ಮನೆ ಬಸವಕಲ್ಯಾಣದಲ್ಲಿ, ಕೋಟೆ ಮಗ್ಗುಲಿನ ಓಣಿಯಲ್ಲಿ. ಚಾಕರಿ ಹುಮನಾಬಾದಿನ ಅಡತಿ ವ್ಯಾಪಾರಿ ಮಹಾರುದ್ರಪ್ಪ ಸಾವಕಾರರ ಹತ್ತಿರ. ಐವತ್ತಾರರಲ್ಲಿ ನಮ್ಮ ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅವರಿನ್ನೂ ಕ್ಲೀನರ್ ಆಗಿದ್ದರು. ಓದಿದ್ದು ಉರ್ದು ನಾಲ್ಕನೇ ಇಯತ್ತೆ. ಕಚೇರಿ ಕಾಗದಗಳೆಲ್ಲ ಉರ್ದು ಬಿಟ್ಟು ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಿದ ಮೇಲೆ ಅವರು ಕನ್ನಡ ಅಕ್ಷರ ಕಲಿತದ್ದು ರಸ್ತೆಬದಿಯ ಮೈಲಿಗಲ್ಲುಗಳಿಂದ. ಮಾತಾಡುವ ಕನ್ನಡ ಮೊದಲೇ ಬರುತ್ತಿತ್ತು. ಆದರೆ ಎದೆ ಡವಗುಟ್ಟಿದಾಗ ಬಾಯಿಗೆ ಬರುತ್ತಿದ್ದದ್ದು ಮನೆಮಾತಾದ ದಖನಿ ಉರ್ದುವೇ.

ಎಪ್ಪತ್ತಮೂರರ ಚಳಿಗಾಲದಲ್ಲಿ ಒಂದು ಮುಂಜಾನೆ ತೊಗರಿ ಹೇರಿಕೊಂಡು ಹುಮನಾಬಾದಿಗೆ ಹೊರಟಿದ್ದರು. ಒಂದು ತಿರುವಿನಲ್ಲಿ ಕುರಿಹಿಂಡು ರಸ್ತೆಗೆ ನುಗ್ಗಿತು. ಬ್ರೇಕ್ ಒತ್ತಿದರು, ಲಾರಿ ನಡುರಸ್ತೆಯಲ್ಲಿ ನಿಂತಿತು. ಎಡಕ್ಕೆ ಕುರಿಗಳು. ಬಲಕ್ಕೆ ಕಂಕುಳಲ್ಲಿ ಮರಿ ಇಟ್ಟುಕೊಂಡ ಕುರುಬರ ಹೆಣ್ಣುಮಗಳು. ಎದುರಿಗೆ ಮದುವೆ ದಿಬ್ಬಣದ ಬಸ್ಸು ಹಾರ್ನ್ ಹೊಡೆಯುತ್ತ ಜೋರಾಗಿ ಬರುತ್ತಿತ್ತು. ಗಾಡಿ ಪಕ್ಕಕ್ಕೆ ತೆಗೆಯಬೇಕಿದ್ದ ನಬೀಸಾಬರ ಕೈಗಳು ಸ್ಟೇರಿಂಗ್ ಮೇಲೆ ಹಾಗೇ ನಿಂತುಬಿಟ್ಟವು. ಕೊನೆಗೆ ಬಸ್ಸಿನವನೇ ಹೊಲಕ್ಕೆ ಹೊರಳಿಸಿದ. ಬಸ್ಸು ತೆಗ್ಗಿಗೆ ಬಿದ್ದು ಮಗ್ಗುಲಾಯಿತು. ದೇವರು ದೊಡ್ಡವನು, ಯಾರೂ ಸಾಯಲಿಲ್ಲ. ಇಬ್ಬರ ಕೈ ಮುರಿಯಿತು.

ಪೊಲೀಸರು ಬಂದು ಕೇಳಿದಾಗ ನಬೀಸಾಬರು ಒಂದೇ ಮಾತು ಹೇಳಿದರು: “ಮೇರೆ ಹೋಶ್ ಉಡ್ ಗಯೇ, ಸಾಬ್.”

ಹವಾಲ್ದಾರ ಬೇರೆ ಸೀಮೆಯಿಂದ ವರ್ಗವಾಗಿ ಬಂದಿದ್ದವನು. ದಖನಿ ಅಷ್ಟಕ್ಕಷ್ಟೆ. ಹೋಶ್ ಅಂದರೆ ಎಚ್ಚರ ಅನ್ನುವುದು ಅವನಿಗೆ ಗೊತ್ತಿತ್ತು. ಆ ಎಚ್ಚರ ಹಾರಿಹೋಯಿತು ಅಂದರೆ ಗಾಬರಿಯಲ್ಲಿ ಏನೂ ತೋಚಲಿಲ್ಲ ಎಂದರ್ಥ ಅನ್ನುವುದು ಗೊತ್ತಿರಲಿಲ್ಲ. ‘ನನಗೆ ಎಚ್ಚರ ತಪ್ಪಿತು’ ಎಂದು ಬರೆದುಕೊಂಡ. ಅದು ಇಂಗ್ಲಿಷಿಗೆ ಹೋದಾಗ ಡ್ರೈವರ್ ಮೂರ್ಛೆ ಹೋಗಿದ್ದ ಎಂದಾಯಿತು. ಮೂರ್ಛೆ ಹೋಗುವ ಮನುಷ್ಯನ ಕೈಗೆ ಲಾರಿ ಯಾರು ಕೊಟ್ಟಾರು? ಲೈಸೆನ್ಸ್ ತಡೆಹಿಡಿದರು. ಹುಮನಾಬಾದಿನ ಕೋರ್ಟಿನಲ್ಲಿ ಕೇಸು ಹೂಡಿದರು.

ಕೇಸಿಗಿಂತ ಮುಂಚೆ ಸುದ್ದಿ ಊರು ಸೇರಿತು. ನಬೀಸಾಬಗ ಫಿಟ್ಸ್ ಬರ್ತಾವಂತ ಅಂದರು ಜನ. ಚಹಾದ ಅಂಗಡಿಯಲ್ಲಿ ಅವರು ಸ್ವಲ್ಪ ಕೆಮ್ಮಿದರೂ ಪಕ್ಕದವರು ಲೋಟ ಸರಿಸಿಕೊಳ್ಳುತ್ತಿದ್ದರು. ಒಬ್ಬ ಹಿರಿಯರು ಕಳಕಳಿಯಿಂದಲೇ ಕಬ್ಬಿಣದ ಕೀಲಿಕೈ ತಂದು, ಕಿಸೆಯಲ್ಲಿ ಇಟ್ಟುಕೊಂಡಿರು ಎಂದು ಕೊಟ್ಟರು. ಮಗಳು ತಾಹೇರಾಳ ನಿಕಾಹ್ ಮಂಠಾಳದ ಗಯಾಸುದ್ದೀನರ ಮಗನೊಂದಿಗೆ ಗೊತ್ತಾಗಿತ್ತು. ನಡುವೆ ನಿಂತು ಸಂಬಂಧ ಕುದುರಿಸಿದ್ದ ವಜೀರಬಿ ಬಂದು, ಜೋಳದ ರಾಶಿ ಮುಗೀಲಿ, ಆಮ್ಯಾಲ ನೋಡೋಣು ಅಂದಾರ ಎಂದು ಹೇಳಿ ನೆಲ ನೋಡುತ್ತ ಕೂತಳು. ಮೂರ್ಛೆರೋಗ ವಂಶದಲ್ಲಿ ಹರಿಯುತ್ತದೆ ಎಂಬ ಭಯ ಗಂಡಿನ ಕಡೆಯವರದು.

ಇದರಲ್ಲಿ ಕೆಟ್ಟದ್ದೆಂದರೆ ನಬೀಸಾಬರಿಗೇ ತಮ್ಮ ಮೇಲೆ ಅನುಮಾನ ಬಂತು. ಆ ಗಳಿಗೆಯಲ್ಲಿ ಕೈಕಾಲು ಆಡಿರಲಿಲ್ಲ, ಅದು ನಿಜ. ಹಾಗಾದರೆ ಮೂರ್ಛೆ ಬಂದಿತ್ತೇನೋ. ಮೂರ್ಛೆ ಹೋದವನಿಗೆ ತಾನು ಹೋಗಿದ್ದೆ ಅಂತ ಹೇಗೆ ಗೊತ್ತಾಗಬೇಕು? ಹೆಂಡತಿ ಅನ್ವರಿ ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಬೇಡಿರಿ ಅಂದಳು. ಅವರು ಅಗಳಿ ಹಾಕುವುದನ್ನು ಬಿಟ್ಟರು. ಬಾವಿಯ ದಂಡೆಗೆ ಹೋಗುವುದನ್ನೂ ತಾವಾಗಿಯೇ ಬಿಟ್ಟರು.

ಸಾವಕಾರರು ಅವರ ಕೈ ಬಿಡಲಿಲ್ಲ. ದಿಗಂಬರ ವಕೀಲರನ್ನು ಹಿಡಿದುಕೊಟ್ಟರು. ಡಾಕ್ಟರರೂ ನೋಡಿ, ಮೂರ್ಛೆಯ ಲಕ್ಷಣ ಕಾಣಲಿಲ್ಲ ಎಂದರು. ಆದರೆ ಸ್ವತಃ ಡ್ರೈವರನೇ ಎಚ್ಚರ ತಪ್ಪಿತು ಎಂದು ಹೇಳಿರುವಾಗ ಡಾಕ್ಟರರ ಮಾತು ಎಷ್ಟು ನಡೆದೀತು ಎಂಬ ಅಳುಕು ವಕೀಲರಿಗೂ ಇತ್ತು.

ಮ್ಯಾಜಿಸ್ಟ್ರೇಟರು ಮೈಸೂರು ಕಡೆಯವರು, ನಿಧಾನದ ಮನುಷ್ಯ. ಕಟಕಟೆಯಲ್ಲಿ ನಿಂತಿದ್ದ ನಬೀಸಾಬರನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು: “ಬಸ್ಸು ಎದುರಿಗೆ ಬಂದಾಗ ನಿಮಗೆ ಏನು ಕಾಣಿಸಿತು? ಕಂಡದ್ದನ್ನೆಲ್ಲ ಹೇಳಿ.”

ನಬೀಸಾಬರು ಕಣ್ಣು ಮುಚ್ಚಿ ಹೇಳುತ್ತ ಹೋದರು. ಎಡಗಡೆ ಒಂದು ಕರೀ ಕುರಿ, ಕುಂಟುತ್ತಿತ್ತು. ಆ ಹೆಣ್ಣುಮಗಳು ಕೋಲೆತ್ತಿ ಏನೋ ಕೂಗುತ್ತಿದ್ದಳು, ಹಾರ್ನಿನಲ್ಲಿ ಕೇಳಿಸಲಿಲ್ಲ. ಬಸ್ಸಿನ ಮುಂದಿನ ಕಿಟಕಿಯಲ್ಲಿ ಹಳದಿ ಕುಲಾವಿಯ ಕೂಸು ಇತ್ತು. ಬಸ್ಸಿನ ಡ್ರೈವರ್ ಹಲ್ಲು ಕಚ್ಚಿದ್ದ. ಕೊನೆಗೆ ಕಣ್ಣು ತೆರೆದರು.

“ಎಲ್ಲಾ ಕಂಡಿತ್ತರಿ ಸಾಹೇಬ್ರ. ಖರೆ ಎಡಕ್ಕ ಹೊರಳಿಸಲೋ ಬಲಕ್ಕ ಹೊರಳಿಸಲೋ, ಅದೊಂದು ತಿಳೀಲಿಲ್ಲ.”

ಹೇಳಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಇಷ್ಟೆಲ್ಲ ತಮ್ಮ ಕಣ್ಣಲ್ಲಿ ಇದ್ದದ್ದು ಅವರಿಗೇ ಗೊತ್ತಿರಲಿಲ್ಲ. ಅಲ್ಲೇ ಕೂತಿದ್ದ ಬಸ್ಸಿನ ಡ್ರೈವರ್, ಕೂಸಿನ ಕುಲಾವಿ ಹಳದಿಯೇ ಇತ್ತು ಎಂದು ಒಪ್ಪಿದ. ತಾನು ಜೋರಾಗಿ ಬಂದದ್ದನ್ನೂ ಒಪ್ಪಿಕೊಂಡ.

ಹೋಶ್ ಉಡ್ ಗಯೇ ಅಂದರೆ ಏನೆಂದು ಮ್ಯಾಜಿಸ್ಟ್ರೇಟರು ದಿಗಂಬರ ವಕೀಲರನ್ನು ಕೇಳಿದರು. ವಕೀಲರು ‘ಕನ್‌ಫ್ಯೂಸ್ಡ್’ ಎಂದರು. ಮ್ಯಾಜಿಸ್ಟ್ರೇಟರು ಅಲ್ಲವೆಂದು ತಲೆಯಾಡಿಸಿ, ಅದು ಒಂದನ್ನು ಇನ್ನೊಂದು ಅಂದುಕೊಳ್ಳುವುದು, ಈತ ಏನನ್ನೂ ಕಲಸಿಕೊಂಡಿಲ್ಲ ಎಂದರು. ಸ್ವಲ್ಪ ಯೋಚಿಸಿ ಗುಮಾಸ್ತನಿಗೆ ಬರೆಸಿದರು: ಡ್ರೈವರ್ ಬಿವಿಲ್ಡರ್ಡ್ ಆಗಿದ್ದ, ಎಚ್ಚರ ತಪ್ಪಿರಲಿಲ್ಲ. ಮಧ್ಯಾಹ್ನದೊಳಗೆ ಕೇಸು ಖುಲಾಸೆಯಾಯಿತು. ಲೈಸೆನ್ಸ್ ಮರಳಿಸಲು ಬರೆದುಕೊಟ್ಟರು.

ಹೊರಗೆ ಬೇವಿನ ನೆರಳಲ್ಲಿ ನಬೀಸಾಬರು ಚಹಾ ಕುಡಿಯದೆ ಲೋಟ ಹಿಡಿದು ನಿಂತಿದ್ದರು. ಆ ಶಬ್ದ ಏನ್ರಿ ವಕೀಲಸಾಬ್ ಎಂದು ಕೇಳಿದರು.

“ಅಡವ್ಯಾಗ ದಾರಿ ತಪ್ಪಿದಂವ ಇರ್ತಾನಲ್ಲ, ಅಂಥಂವ,” ಅಂದರು ದಿಗಂಬರ ವಕೀಲರು. “ಕಣ್ಣು ತೆರೆದಿರ್ತಾವ, ಕಾಲು ಗಟ್ಟಿ ಇರ್ತಾವ. ಯಾವ ಕಡೆ ಹೋಗಬೇಕು ಅಂತ ಮಾತ್ರ ತಿಳಿಯಂಗಿಲ್ಲ. ಅದು ರೋಗ ಅಲ್ಲ ನಬೀಸಾಬ್. ಯಾರಿಗೆ ಬೇಕಾದ್ರೂ ಆಗ್ತದ.”

ನಬೀಸಾಬರು ಅದನ್ನು ಮೂರ್ನಾಲ್ಕು ಸಲ ಬಾಯಲ್ಲಿ ಹೊರಳಿಸಿದರು. ಬಿವಿಲ್ಡರ್. ಕೊನೆಯ ಅಕ್ಷರ ನಾಲಿಗೆಗೆ ಸಿಗಲಿಲ್ಲ. ನಮ್ಮ ಗಾಡಿ ಇಂಜಿನ್ನೂ ಒಮ್ಮೊಮ್ಮೆ ಹಂಗ ಆಗ್ತದ್ರಿ ಎಂದರು. ವಕೀಲರು ನಕ್ಕು, ಇಂಜಿನ್ ಕೆಡ್ತದ ಅಷ್ಟೇ, ಅದಾಗಲಿಕ್ಕೆ ಮನಸ್ಸು ಬೇಕು ಎಂದು ತಿದ್ದಿದರು. ಕುರಿಗಳಿಗೆ ಅನ್ನಬಹುದೇ ಎಂದು ಕೇಳಿದಾಗ, ಕುರಿಗೆ ನಡೀತದ ಎಂದರು. ಆಗ ನಬೀಸಾಬರು ನಕ್ಕರು. ತಿಂಗಳುಗಟ್ಟಲೆ ನಗದ ಮುಖ ಅದು.

ಮರುದಿನ ವಜೀರಬಿಯನ್ನು ಕಳಿಸದೆ, ಅನ್ವರಿಯನ್ನು ಕರೆದುಕೊಂಡು ತಾವೇ ಮಂಠಾಳಕ್ಕೆ ಹೋದರು. ಗಯಾಸುದ್ದೀನರು ಜೋಳದ ಕಣದಲ್ಲಿದ್ದರು. ನಬೀಸಾಬರು ನಿಂತಲ್ಲೇ ಎಲ್ಲ ಹೇಳಿದರು. ಮ್ಯಾಜಿಸ್ಟ್ರೇಟರ ಶಬ್ದ, ವಕೀಲರು ಹೇಳಿದ ಅಡವಿ, ಡಾಕ್ಟರರ ಮಾತು ಎಲ್ಲವನ್ನೂ. ಗಯಾಸುದ್ದೀನರು ಕೈಯಲ್ಲಿದ್ದ ಮೊರ ಕೆಳಗಿಟ್ಟರು.

“ನಮ್ಮ ಬಣವಿಗೆ ಬೆಂಕಿ ಬಿದ್ದಾಗ ನಾ ಕೊಡ ಹಿಡಕೊಂಡು ಅಂಗಳದಾಗ ನಿಂತಿದ್ದೆ, ಭಾಯಿ,” ಎಂದರು ಆಮೇಲೆ. “ಬಾವಿ ಯಾವ ಕಡೆ ಅನ್ನೋದು ನೆನಪಿಗೆ ಬರಲಿಲ್ಲ. ಹುಟ್ಟಿದ ಮನಿ ಅದು. ಈ ಮಾತು ಇವತ್ತಿನ ತನಕ ಯಾರಿಗೂ ಹೇಳಿಲ್ಲ.”

ಹೇಳಿ ಅವರ ಭುಜವೂ ಹಗುರಾಯಿತು. ರಾಶಿ ಮುಗಿಯೋ ತನಕ ಯಾಕ ಕಾಯೋದು ಎಂದು ಅವರೇ ತಾರೀಖಿನ ಮಾತು ತೆಗೆದರು.

ಲೈಸೆನ್ಸ್ ಕೈಗೆ ಬಂದ ಮೇಲೆ ನಬೀಸಾಬರು ಇನ್ನೂ ಹತ್ತು ವರ್ಷದ ಮೇಲೆ ಗಾಡಿ ನಡೆಸಿದರು. ಕಣ್ಣು ಮಬ್ಬಾದ ಮೇಲೆ ತಾವಾಗಿಯೇ ಬಿಟ್ಟರು. ಮೂರ್ಛೆ ಅವರ ಹತ್ತಿರ ಸುಳಿಯಲಿಲ್ಲ. ಎಂಬತ್ತಾರರಲ್ಲಿ ನಾನು ನೋಡಿದಾಗ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದರು.

ತಾಹೇರಾಳ ನಿಕಾಹ್ ಆದ ಮರುದಿನದ ಮಾತನ್ನು ಅನ್ವರಿ ಈಗಲೂ ಹೇಳುತ್ತಾಳೆ. ಮಗಳನ್ನು ಕಳಿಸಿ ಬಂದು ನಬೀಸಾಬರು ಅಂಗಳದ ಹೊರಸಿನ ಮೇಲೆ ಒರಗಿದರು. ಹಗಲೇರಿ ಬಿಸಿಲು ಕಾಲಿಗೆ ಬಂದರೂ ಏಳಲಿಲ್ಲ. ಮೂರ್ಛೆಯೇನೋ ಎಂದು ನೆಂಟರು ಗಾಬರಿಯಿಂದ ನೋಡಿದರು. ಅನ್ವರಿ ಹತ್ತಿರ ಹೋಗಿ ಗೊರಕೆ ಕೇಳಿ, ಅವರು ಮಲಗ್ಯಾರ, ಯಾರೂ ಎಬ್ಬಿಸಬ್ಯಾಡ್ರಿ ಎಂದು ಹೇಳಿ, ಹೊರಸನ್ನು ನೆರಳಿಗೆ ಎಳೆದಳು.