ಕ್ಲಚ್ ಮೇಷ್ಟ್ರ ದನಿ

ನಮ್ಮ ಭಾವ ಅಂದರೆ ಅಕ್ಕನ ಗಂಡ. ಊರೆಲ್ಲ ಅವರನ್ನು ಕರೆಯುತ್ತಿದ್ದುದು ಕ್ಲಚ್ ಮೇಷ್ಟ್ರು ಎಂದು. ಡ್ರೈವಿಂಗ್ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್, ಕ್ಲಚ್, ಕ್ಲಚ್ ಬಿಡಬೇಡಿ" ಎಂದು ಕೂಗಿದವರು. ಕಾರಿನ ಗಾಜು ಏರಿಸಿದ್ದರೂ ಆ ದನಿ ಎರಡು ಬೀದಿ ಆಚೆ ಕೇಳುತ್ತಿತ್ತು. ಕೂಗುತ್ತಿದ್ದರೇ ಹೊರತು ಯಾರನ್ನೂ ಬೈದವರಲ್ಲ. ಕಲಿಯಲು ಬಂದವರು ಕಂಬಕ್ಕೆ ಗುದ್ದಿದರೂ "ಕಂಬ ಎಲ್ಲಿಗೂ ಹೋಗಲ್ಲ, ನಾಳೆ ಮತ್ತೆ ನೋಡೋಣ" ಅನ್ನುತ್ತಿದ್ದರು. ನನಗೂ ಅವರೇ ಕಲಿಸಿದ್ದು. ನನಗೆ ಕಾರು ಬರಲಿಲ್ಲ, ಅದು ಬೇರೆ ಮಾತು.

ಐವತ್ತೆರಡನೇ ವಯಸ್ಸಿಗೆ ಅವರ ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು, ದನಿ ಹೋಯಿತು. ಬದಲಿಗೆ ಸಣ್ಣ ಟಾರ್ಚಿನಷ್ಟು ದೊಡ್ಡ ಒಂದು ಮಷಿನ್ ಕೈಗೆ ಬಂತು. ಅದನ್ನು ಕುತ್ತಿಗೆಗೆ ಒತ್ತಿಕೊಂಡು ತುಟಿ ಆಡಿಸಿದರೆ ಮಾತು ಹೊರಡುತ್ತದೆ. ಏರಿಲ್ಲ, ಇಳಿವಿಲ್ಲ, ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಒಂದೇ ಗುಂಯ್ ಎನ್ನುವ ದನಿ. ಬ್ಯಾಂಕಿನ ಸಾಲಿನಲ್ಲಿ ಒಮ್ಮೆ ಮಾತಾಡಿದಾಗ ಮುಂದಿದ್ದವರೆಲ್ಲ ತಿರುಗಿ ನೋಡಿದರು, ಒಂದು ಮಗು ಅತ್ತಿತು. ಅಂದಿನಿಂದ ಹೊರಗಿನವರ ಮುಂದೆ ಮಷಿನ್ ಜೇಬಿನಿಂದ ಹೊರಬರಲಿಲ್ಲ. ಅಕ್ಕನ ಜೊತೆ ಮಾತಾಡುತ್ತಿದ್ದರು, ನನ್ನ ಜೊತೆ ಮಾತಾಡುತ್ತಿದ್ದರು, ಅಷ್ಟೆ.

ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಮನೆಯಲ್ಲಿ ಕೂತು ಸೊರಗಬಾರದೆಂದು ಅಕ್ಕ ಅವರನ್ನು ನನ್ನ ಕೌಂಟರಿಗೆ ಕಳಿಸಿದಳು. ಗಿರಾಕಿಗಳಿಗೆ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. ಒಂದು ಗಂಟೆಗೆ ಊಟದ ಡಬ್ಬಿ ಬಿಚ್ಚಿ, ಮಷಿನ್ ಕುತ್ತಿಗೆಗಿಟ್ಟು ನನ್ನನ್ನು ಕೇಳುತ್ತಿದ್ದರು: "ಊಟ ಆಯ್ತಾ?" ನನ್ನ ಊಟ ಆಗಿಲ್ಲವೆಂದು ಅವರಿಗೆ ಗೊತ್ತು, ಆದರೂ ಒಂದು ದಿನವೂ ತಪ್ಪಿಸಿದವರಲ್ಲ. "ಗಿರಾಕಿಗಳ ಹತ್ತಿರಾನೂ ಮಾತಾಡಿ ಭಾವ, ಯಾರೂ ನಿಮ್ಮನ್ನ ನುಂಗಲ್ಲ" ಎಂದು ನಾನು ಪೀಡಿಸುತ್ತಿದ್ದೆ. ಹಾಗೆ ಹೇಳುವ ಯೋಗ್ಯತೆ ನನಗಿರಲಿಲ್ಲ.

ಯಾಕೆಂದರೆ ನನಗೊಂದು ಹುಚ್ಚಿತ್ತು. ಮೂವತ್ತು ವರ್ಷ ಹಳೆಯದೊಂದು ಗುಂಡು ಹಾರಿಸುವ ಕಂಪ್ಯೂಟರ್ ಆಟ. ಪರದೆಯ ಮೇಲೆ ಕಾಣುವುದು ನಮ್ಮ ಕೈಯಲ್ಲಿರುವ ಬಂದೂಕು ಮಾತ್ರ. ಎದುರು ಬಂದ ಭೂತಗಳನ್ನು ಹೊಡೆಯುತ್ತ ಹೋಗಬೇಕು. ಆ ಆಟವನ್ನು ಬಿಚ್ಚಿ ತಮ್ಮದೇ ಕೋಣೆ, ತಮ್ಮದೇ ಭೂತ ಸೇರಿಸಿ ಮಾಡ್ ಎಂದು ಹೆಸರಿಟ್ಟು ಪುಕ್ಕಟೆ ಹಂಚುವ ಅಭಿಮಾನಿಗಳು ಲೋಕದ ತುಂಬ ಇದ್ದಾರೆ. ನಾನೂ ನಾಲ್ಕು ವರ್ಷ ಕೂತು ಕಾರು ನಿಲ್ಲಿಸುವ ಒಂದು ನೆಲಮಾಳಿಗೆ ಕಟ್ಟಿದೆ. ಅದರಲ್ಲಿ ಮುಖವಿಲ್ಲದ ಭೂತವೊಂದನ್ನು ಬಿಟ್ಟೆ. ಅದಕ್ಕೆ ದನಿಯೊಂದು ಬೇಕಿತ್ತು. ನಾನೇ ಗುಟುರು ಹಾಕಿ ನೋಡಿದೆ, ಬಾಯಿ ಮುಕ್ಕಳಿಸಿದ ಹಾಗೆ ಕೇಳಿತು.

ಒಂದು ಮಧ್ಯಾಹ್ನ ಯಾರದೋ ಮೈಕ್ ರಿಪೇರಿ ಮಾಡಿ ಪರೀಕ್ಷೆಗೆಂದು ಹಚ್ಚಿಟ್ಟಿದ್ದೆ. ಹಿಂದಿನಿಂದ ಡಬ್ಬಿಯ ಮುಚ್ಚಳ ಠಣ್ ಎಂದಿತು, ಭಾವ "ಊಟ ಆಯ್ತಾ?" ಅಂದರು. ರೆಕಾರ್ಡ್ ಆಯಿತು. ಅಲ್ಲಿಯವರೆಗೆ ಅದು ಅಕಸ್ಮಾತ್ತು. ಅಳಿಸಬಹುದಿತ್ತು, ಅಳಿಸಲಿಲ್ಲ. ಆ ಸಂಜೆಯೇ ಅದನ್ನು ಭೂತದ ಬಾಯಿಗೆ ಕೂರಿಸಿದೆ. ಮುಚ್ಚಳದ ಸದ್ದು ಸರಪಳಿ ಎಳೆದ ಹಾಗೆ ಇದೆಯೆಂದು ಅದನ್ನೂ ಉಳಿಸಿಕೊಂಡೆ. ಮಾಡನ್ನು ಇಂಟರ್ನೆಟ್ಟಿಗೆ ಬಿಟ್ಟೆ, ಗೆದ್ದಿತು. ಕನ್ನಡ ಗೊತ್ತಿಲ್ಲದ ದೇಶಗಳ ಜನ ಮೈ ಜುಮ್ಮೆಂದಿತು ಎಂದು ಬರೆದರು. ಅದು ಏನು ಹೇಳುತ್ತೆ ಎಂದು ಒಬ್ಬ ಕೇಳಿದ. ಅದಕ್ಕೆ ಅರ್ಥವಿಲ್ಲ, ಬರೀ ಶಬ್ದ ಎಂದು ಉತ್ತರ ಕೊಟ್ಟೆ. ಮರುದಿನ ಒಂದು ಗಂಟೆಗೆ ಅದೇ ಭಾವನ ಎದುರು ಕೂತು ಅವರ ಡಬ್ಬಿಯಿಂದಲೇ ತಿಂದೆ. ಇದನ್ನು ಬರೆಯುವಾಗಲೂ ನನಗೆ ಹೇಸಿಗೆಯಾಗುತ್ತದೆ.

ವರ್ಷ ಕಳೆದ ಮೇಲೆ ಪಕ್ಕದ ಔಷಧಿ ಅಂಗಡಿ ನಡೆಸುವ ಹೆಂಗಸು ಲ್ಯಾಪ್‌ಟಾಪ್ ತಂದರು. ಫ್ಯಾನ್ ಗರಗರ ಅನ್ನುತ್ತಿತ್ತಂತೆ. ಭಾವ ಚೀಟಿಗೆ ಕೈ ಹಾಕಿದವರು ನನ್ನ ಕಡೆ ನೋಡಿ, ಏನೋ ಗಟ್ಟಿ ಮನಸ್ಸು ಮಾಡಿದವರಂತೆ ಜೇಬಿನಿಂದ ಮಷಿನ್ ತೆಗೆದರು. "ಚಾರ್ಜರ್ ತಂದಿದ್ದೀರಾ?" ಗಿರಾಕಿಯೊಬ್ಬರ ಮುಂದೆ ಅದು ಅವರ ಮೊದಲ ಮಾತು. ಆ ಹೆಂಗಸು ಬೆಚ್ಚಲಿಲ್ಲ. ಮುಖ ಅರಳಿತು.

"ತಪ್ಪು ತಿಳ್ಕೋಬೇಡಿ ಸರ್. ನಾನೊಂದು ಗೇಮ್ ಆಡ್ತೀನಿ. ಅದರಲ್ಲಿ ಒಂದು ಭೂತ ಥೇಟ್ ಹೀಗೇ ಮಾತಾಡುತ್ತೆ. ಊಟ ಆಯ್ತಾ ಅಂತ ಕೇಳುತ್ತೆ. ಗೆಳತಿಯರಿಗೆ ಹೇಳಿದ್ರೆ ನಗ್ತಾರೆ. ಅದಕ್ಕೆ ದನಿ ಕೊಟ್ಟಿದ್ದು ನೀವೇನಾ?"

ಭಾವ ಅಂದರು, "ತೋರಿಸಿ."

ಆಕೆ ತೋರಿಸಿದರು. ನಾನೇ ಕಟ್ಟಿದ ಕಂಬಗಳ ನಡುವಿನಿಂದ ನಾನೇ ಮಾಡಿದ ಭೂತ ಹೊರಬಂತು. ಠಣ್. "ಊಟ ಆಯ್ತಾ?" ಆಕೆ ಗುಂಡು ಹಾರಿಸಿದರು. ಅದು ಮುಂದೆ ಬಂತು, ಮತ್ತೆ ಕೇಳಿತು, ಮತ್ತೆ ಗುಂಡು. ದನಿ ಕೇಳಿದಾಗ ಭಾವ ಅಲುಗಾಡಲಿಲ್ಲ. ಎರಡನೇ ಸಲ ಮುಚ್ಚಳದ ಸದ್ದು ಕೇಳಿದಾಗ ಮಾತ್ರ ಮೇಜಿನ ಮೇಲಿದ್ದ ತಮ್ಮ ಡಬ್ಬಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಕೆಗೆ ಏನೋ ಹೊಳೆದಿರಬೇಕು, ಲ್ಯಾಪ್‌ಟಾಪ್ ಮುಚ್ಚಿ "ನಾಳೆ ಬರ್ತೀನಿ" ಎಂದು ಹೊರಟುಹೋದರು.

"ಭಾವ" ಅಂದೆ. ಅವರು ಚೀಟಿ ಎಳೆದುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದರು: ಸಾಯೋಕೆ ಎಷ್ಟು ಗುಂಡು ಬೇಕು?

"ಐದು" ಅಂದೆ. ಅವರು ತಲೆಯಾಡಿಸಿ, ಮಷಿನನ್ನು ರಿಪೇರಿಗೆ ಬಂದ ಸಾಮಾನಿನ ಜೊತೆ ನನ್ನ ಮೇಜಿನ ಮೇಲಿಟ್ಟು ಮನೆಗೆ ಹೋದರು.

ಆ ರಾತ್ರಿಯೇ ಮಾಡ್‌ನಿಂದ ದನಿ ತೆಗೆದುಹಾಕಿದೆ. ಏನು ಬಂತು? ಆಗಲೇ ಇಳಿಸಿಕೊಂಡಿದ್ದ ಸಾವಿರಾರು ಜನರ ಕಂಪ್ಯೂಟರಿನಲ್ಲಿ ಅದು ಈಗಲೂ ಕೇಳುತ್ತಿದೆ, ಅವರು ಹೊಡೆಯುತ್ತಿದ್ದಾರೆ. ಮರುದಿನ ಅಕ್ಕನ ಫೋನ್ ಬಂತು. "ನಿಮ್ಮ ಭಾವನ ಮಷಿನ್ ಕೆಟ್ಟಿದೆಯಂತಲ್ಲೋ. ನಿನ್ನ ಹತ್ತಿರ ರಿಪೇರಿಗೆ ಕೊಟ್ಟಿದ್ದೀನಿ ಅಂತ ಬರೆದು ತೋರಿಸಿದ್ರು. ಬೇಗ ಮಾಡಿಕೊಡು, ಮನೆ ಬಿಕೋ ಅಂತಿದೆ." ನನ್ನ ಮರ್ಯಾದೆ ಉಳಿಸಲು ಅವರು ಅಕ್ಕನಿಗೆ ಸುಳ್ಳು ಹೇಳಿದ್ದರು. "ಮಾಡ್ತೀನಿ ಅಕ್ಕ" ಎಂದು ನಾನೂ ಸುಳ್ಳು ಹೇಳಿದೆ.

ಕ್ಷಮೆ ಕೇಳಿದೆ, ಒಂದಲ್ಲ, ಹತ್ತು ಸಲ. ಮಷಿನ್ ಮುಂದಿಟ್ಟರೆ ಮೆಲ್ಲಗೆ ಹಿಂದಕ್ಕೆ ತಳ್ಳುತ್ತಾರೆ. ಆದರೆ ಅಂಗಡಿಗೆ ಬರುವುದನ್ನು ಬಿಟ್ಟಿಲ್ಲ. ಒಂದು ಗಂಟೆಗೆ ಡಬ್ಬಿ ಬಿಚ್ಚುತ್ತಾರೆ. ಮುಚ್ಚಳವನ್ನು ಸದ್ದಾಗದಂತೆ ಬಟ್ಟೆಯ ಮೇಲೆ ಇಡುತ್ತಾರೆ. ಮಷಿನ್ ಇರುತ್ತಿದ್ದ ಜೇಬಿನಿಂದ ಮಡಚಿದ ಚೀಟಿ ತೆಗೆದು ನನ್ನ ಮುಂದೆ ಬಿಡಿಸುತ್ತಾರೆ. ದಿನಾ ಅದೇ ಚೀಟಿ, ಮಡಿಕೆಯಲ್ಲಿ ಹರಿಯುತ್ತ ಬಂದಿದೆ. ಊಟ ಆಯ್ತಾ?

"ಇಲ್ಲ ಭಾವ" ಅನ್ನುತ್ತೇನೆ. ಅವರು ಡಬ್ಬಿಯನ್ನು ನನ್ನ ಕಡೆ ಸರಿಸುತ್ತಾರೆ.