ಹಂಪವ್ವ ಎತ್ತಿದ ಮೊದಲ ಸಾಲು

ಭಾಗ್ಯನಗರದ ಕೂದಲು ಕಾರ್ಖಾನೆಯಲ್ಲಿ ಹಂಪವ್ವ ಇಪ್ಪತ್ತೆರಡು ವರ್ಷಗಳಿಂದ ಸಿಕ್ಕು ಬಿಡಿಸುತ್ತಿದ್ದಾಳೆ. ಯಾರದೋ ತಲೆಯ ಕೂದಲು, ಇವಳಿಗೆ ತಲೆನೋವು. ಅದಕ್ಕೆ ಅಲ್ಲಿನ ಹೆಂಗಸರು ಕಂಡುಕೊಂಡ ಮದ್ದು ಹಾಡು. ಜೊತೆಗೆ ಕೂದಲು ಬಾಚುವ ಮಾರೆವ್ವ ಒಂದು ಸಾಲು ಎತ್ತುವಳು. ಅದು ಮುಗಿಯುತ್ತಲೇ ಹಂಪವ್ವ ಅದನ್ನೇ ಹಿಡಿದು ತಿರುಗಿ ಹಾಡುವಳು. ಮದುವೆಮನೆಯ ಅರಿಷಿಣಕ್ಕೂ ತೊಟ್ಟಿಲ ಶಾಸ್ತ್ರಕ್ಕೂ ಓಣಿಯವರು ಕರೆಯುತ್ತಿದ್ದದ್ದು ಈ ಇಬ್ಬರನ್ನೇ. ಮುಂದಿನ ದನಿ ಮಾರೆವ್ವನದು, ಹಿಂದಿನದು ಹಂಪವ್ವನದು. ಹಿಂದಿರುವುದಕ್ಕೆ ಹಂಪವ್ವ ಎಂದೂ ಹಿಂದೆಮುಂದೆ ನೋಡಿದವಳಲ್ಲ.

ಹೋದ ವರ್ಷ ಮಾರೆವ್ವ ಗಂಗಾವತಿಯ ಮಗಳ ಮನೆ ಸೇರಿದಳು. ಕಾರ್ಖಾನೆಯಲ್ಲಿ ಹಾಡು ನಿಂತಿತು. ಎಂಟು ತಿಂಗಳು ಬಾಯಿ ಮುಚ್ಚಿಕೊಂಡು ಕೂದಲು ಬಾಚಿದ ಮೇಲೆ, ತನ್ನ ದನಿ ಇದೆಯೋ ಹೋಯಿತೋ ಎಂಬ ಅನುಮಾನ ಹಂಪವ್ವನಿಗೆ ಶುರುವಾಯಿತು. ಅಷ್ಟರಲ್ಲಿ ಕೊಪ್ಪಳದ ಮಹಿಳೆಯರ ಹಾಡಿನ ಬಳಗಕ್ಕೆ ಹೊಸಬರು ಬೇಕಂತೆ, ಭಾನುವಾರ ಆಡಿಷನ್ ಅಂತೆ ಎಂಬ ಸುದ್ದಿ ಬಂತು.

"ಹೋಗಬೇ," ಅಂದಳು ಪಕ್ಕದಲ್ಲಿ ಕೂತಿದ್ದ ಲಾಲಬೀ. "ಇಲ್ಲೇ ಕುಂತ್ರ ಕೂದ್ಲಾ ಬೆಳ್ಳಗಾಗ್ತಾವ. ಅದೂ ನಮ್ಮವು."

"ಅಲ್ಲಿ ನನಗ ಯಾರು ಎತ್ತಿಕೊಡ್ತಾರ?"

"ನಿನ್ನ ಎತ್ತಿಕೊಂಡು ಹೋಗಾಕ ಆಟೋ ಹೇಳ್ತೀನಿ. ಪದಾ ನೀನ ಎತ್ತು."

ಭಾನುವಾರ, ಕೊಪ್ಪಳದ ಶಾಲೆಯೊಂದರ ಕೋಣೆ. ಹಾರ್ಮೋನಿಯಂ ಮುಂದಿಟ್ಟುಕೊಂಡ ವಾಣಿಶ್ರೀ ಟೀಚರ್ ಬಳಗದ ಮುಖ್ಯಸ್ಥೆ. ಹಾಡಿ ಮುಗಿಸಿದ ಹೆಂಗಸರು ಬೆಂಚಿನ ಮೇಲಿದ್ದರು.

"ಹಂಪವ್ವಾರ, ಬರ್ರಿ. ಈಗ ನಿಮ್ಮ ಸೋಲೋ ಹಾಡು."

"ಬಾಯಿ ತೆಗೆಯೂಕಿಂತ ಮೊದ್ಲ ಸೋಲೋ ಹಾಡು ಅಂದ್ರ ಹೆಂಗ್ರಿ ಅಕ್ಕಾರ? ಒಂದು ಗೆಲ್ಲೋ ಹಾಡರ ಕೇಳ್ರಿ."

ಬೆಂಚುಗಳೆಲ್ಲ ನಕ್ಕವು. ಟೀಚರೂ ನಕ್ಕು, "ಸೋಲೋ ಅಂದ್ರ ಒಬ್ಬರ ಹಾಡೂದ್ರಿ," ಎಂದರು. ಹಂಪವ್ವನ ನಗು ಮಾತ್ರ ಅಲ್ಲಿಗೇ ನಿಂತಿತು. ಒಬ್ಬಳೇ ಹಾಡುವುದಾದರೆ ತಾನು ಅಂದದ್ದೇ ಸರಿ, ಅದು ಸೋಲೋ ಹಾಡೇ.

ಅವಳು ನಿಂತಳು. ಬಾಯಿ ತೆರೆದಳು. ಕಾದಳು.

"ಮರತ್ರೇನು?"

"ಮರತಿಲ್ರಿ. ನಾ ಹಿಡಿಯಾಕಿ. ಯಾರರ ಮೊದಲ ಸಾಲು ಎತ್ತಿಕೊಟ್ರ..."

"ಹಂಗ ಬರೂದಿಲ್ರಿ. ಇವರೆಲ್ಲಾ ಒಬ್ಬೊಬ್ಬರ ಹಾಡ್ಯಾರ. ನಿಮಗೊಬ್ಬರಿಗೆ ಬ್ಯಾರೆ ಕಾಯ್ದೆ ಮಾಡಿದ್ರ ನನ್ನ ಸುಮ್ನ ಬಿಡ್ತಾರೇನು?"

ನ್ಯಾಯದ ಮಾತು. ಚಪ್ಪಲಿ ಬಿಟ್ಟ ಬಾಗಿಲ ಕಡೆ ಹಂಪವ್ವ ಒಮ್ಮೆ ನೋಡಿದಳು. ಹೊರಟರೆ ಬಾಕಿ ಆಯುಷ್ಯವೆಲ್ಲ ಬಾಯಿ ಮುಚ್ಚಿಕೊಂಡು ಬಾಚುವುದೇ. ಕಣ್ಣು ಮುಚ್ಚಿ, ಮಾರೆವ್ವನನ್ನು ನೆನೆದು, ಎಲೆಅಡಿಕೆ ಜಗಿದು ಗಡಸಾದ ಅವಳ ದನಿಯಲ್ಲಿ ಅರಿಷಿಣದ ಪದದ ಮೊದಲ ಸಾಲು ಎತ್ತಿದಳು. ಮುಗಿಯುತ್ತಲೇ ತನ್ನ ದನಿಯಲ್ಲಿ ತಾನೇ ಹಿಡಿದಳು. ಎರಡನೇ ಸಾಲಿಗೂ ಹಾಗೆಯೇ. ನಾಲ್ಕನೆಯದನ್ನು ಮಾರೆವ್ವನ ದನಿಯಲ್ಲಿ ಎತ್ತುವಾಗ ಏನೋ ಹೆಚ್ಚುಕಡಿಮೆಯಾಯಿತು. ಮಾರೆವ್ವ ಸಾಲಿನ ಕೊನೆಯನ್ನು ಎಳೆದೆಳೆದು ಬಿಡುವಾಕೆ. ಹಂಪವ್ವನ ಉಸಿರು ಅಷ್ಟು ದೂರ ಹೋಗದೆ ಥಟ್ಟನೆ ಕಡಿಯಿತು. ಹಾಗೆ ಕಡಿದದ್ದೇ ಛಲೋ ಕೇಳಿಸಿತು. ಮುಂದಿನ ಸಾಲನ್ನೂ, ಅದರ ಮುಂದಿನದನ್ನೂ ಬೇಕೆಂತಲೇ ಕಡಿದಳು.

ಪದ ಮುಗಿಸಿ ಕಣ್ಣು ತೆರೆದಳು.

"ಎರಡು ದನಿ ಕೇಳಿದ್ವಿ," ಎಂದರು ಟೀಚರ್. "ಹಿಂದಿನ ದನಿ ಚೊಕ್ಕ ಐತಿ. ಖರೆ ನನಗ ಹಿಡಿಸಿದ್ದು ಮುಂದಿನದು. ಅದು ಯಾರದ್ರಿ?"

'ಮಾರೆವ್ವಂದು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮದುವೆಮನೆಗಳಲ್ಲಿ ಯಾರು ಹೊಗಳಿದರೂ ಅವಳು ಹೇಳುತ್ತಿದ್ದದ್ದು ಅದನ್ನೇ. ಹೇಳಿಬಿಟ್ಟರೆ ಹಗುರ. ಹಂಪವ್ವ ಆ ಮಾತನ್ನು ನುಂಗಿಕೊಂಡಳು.

"ನಂದ ಇರಬೇಕ್ರಿ ಅಕ್ಕಾರ. ಮಾರೆವ್ವ ಇವತ್ತ ಬಂದಿಲ್ಲಲ್ರಿ."

"ಯಾವ ಮಾರೆವ್ವ?"

"ಅದು ಭಾಳ ಉದ್ದ ಐತ್ರಿ. ಬರೂ ಭಾನುವಾರ ಬಂದಾಗ ಹೇಳ್ತೀನಿ."

ಬರಬೇಕೆಂದು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಟೀಚರ್ ಪೆನ್ನಿನ ಮುಚ್ಚಳ ತೆಗೆದು ಹೆಸರು ಬರೆದುಕೊಂಡರು.